ನಾಲಿಗೆಯ ಅಂಚಿನಲ್ಲಿ ಕಂಡದ್ದು

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಶಸ್ತ್ರಚಿಕಿತ್ಸೆಯ ಮೇಜಿನ ತಲೆಯ ಕಡೆ ನಿಂತಿದ್ದೆ. ಬಲಕ್ಕೆ ಅರಿವಳಿಕೆ ಯಂತ್ರ, ಎಡಕ್ಕೆ ಔಷಧಿ ತುಂಬಿದ ಸಿರಿಂಜುಗಳ ತಟ್ಟೆ, ಎದುರಿನ ಗೋಡೆಯಲ್ಲಿ ಗಡಿಯಾರ. ಆ ಗಡಿಯಾರ ಮೂರು ನಿಮಿಷ ಮುಂದಿತ್ತು. ಅಷ್ಟನ್ನು ಕಳೆದೇ ಸಮಯ ಹೇಳುತ್ತಿದ್ದೇನೆ. ಮೇಜಿನ ಮೇಲೆ ಇಪ್ಪತ್ತೇಳು ವರ್ಷದ ಗಂಡಸು ಬಾಯಿ ತೆರೆದು ನಾಲಿಗೆ ಚಾಚಿದ್ದ. ನರ್ಸ್ ಟಾರ್ಚ್ ಹಿಡಿದಿದ್ದರು. ನಾಲಿಗೆಯ ಮುಂದಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳಿದ್ದವು. ಕೆಲವು ಹೆಸರುಕಾಳಿನಷ್ಟು, ಒಂದೆರಡು ತೊಗರಿಕಾಳಿನಷ್ಟು. ಬಣ್ಣ ನಾಲಿಗೆಯದೇ ಬಣ್ಣ. ಎಷ್ಟಿದ್ದವು ಎಂದು ಎಣಿಸಲಿಲ್ಲ. ಉಸಿರಿನ ಕೊಳವೆ ಹಾಕುವಾಗ ಅವಕ್ಕೆ ತಗುಲಿ ರಕ್ತ ಬರಬಹುದು, ಹುಷಾರಾಗಿರಬೇಕು ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಕೇಸ್ ಶೀಟಿನಲ್ಲಿ ಬಾಯಿಯ ವಿಷಯಕ್ಕಿರುವ ಜಾಗದಲ್ಲಿ ‘ತೊಂದರೆ ಇಲ್ಲ’ ಎಂದು ಬರೆದೆ.

ನಾನು ಅರಿವಳಿಕೆ ಕೊಡುವ ವೈದ್ಯ. ನನ್ನದೇ ಆಸ್ಪತ್ರೆಯಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿನ ಸರ್ಜನ್ ಫೋನ್ ಮಾಡುತ್ತಾರೋ ಅಲ್ಲಿಗೆ ಕಾರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗುತ್ತೇನೆ. ಈ ಘಟನೆ ನಡೆದ ನರ್ಸಿಂಗ್ ಹೋಂ ಯಾವುದು ಎಂದು ಹೇಳುವುದಿಲ್ಲ. ಅಲ್ಲಿಯ ಸರ್ಜನ್ ಕೈ ಒಳ್ಳೆಯದು, ನರ್ಸ್ ಕಣ್ಣು ಚುರುಕು. ಮೊದಲ ತಪ್ಪು ನನ್ನದಾಗಿತ್ತು.

ರೋಗಿ ಹನಗೋಡಿನ ಕಡೆಯ ಹಳ್ಳಿಯವನು. ತೀರಾ ಎತ್ತರ, ತೀರಾ ತೆಳು, ಉದ್ದನೆಯ ಬೆರಳು. ಮೂರು ದಿನದಿಂದ ಹೊಟ್ಟೆ ಉಬ್ಬಿತ್ತು, ವಾಂತಿಯಾಗುತ್ತಿತ್ತು, ಗಾಳಿ ಕೂಡ ಹೋಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ದೊಡ್ಡ ಕರುಳಿನ ಕೊನೆಯ ಭಾಗ ತಿರುಚಿಕೊಂಡು ಗಾಳಿ ತುಂಬಿ ಎದೆಯವರೆಗೆ ಏರಿತ್ತು. ತಡಮಾಡಿದರೆ ಕರುಳು ಕೊಳೆಯುತ್ತದೆ, ಕೂಡಲೇ ತೆರೆಯಲೇಬೇಕು. ಕೇಸ್ ಶೀಟಿನಲ್ಲಿ ಡ್ಯೂಟಿ ಡಾಕ್ಟರ್ ಬರೆದ ಒಂದು ಸಾಲು ಹೀಗಿತ್ತು: ಹುಟ್ಟಿನಿಂದ ಮಲಬದ್ಧತೆ, ಕಳೆದ ಒಂದು ವರ್ಷದಿಂದ ಭೇದಿ, ಈಗ ಮೂರು ದಿನದಿಂದ ಪೂರ್ತಿ ಬಂದ್. ಆ ಸಾಲನ್ನೂ ನಾನು ಓದಿದ್ದೆ.

ರಕ್ತದೊತ್ತಡ ನೂರ ತೊಂಬತ್ತು, ನಾಡಿ ನೂರ ಇಪ್ಪತ್ತೆಂಟು. ಮೈಯೆಲ್ಲ ಬೆವರು, ಅಂಗೈ ತಣ್ಣಗೆ. ವಾಂತಿ ನಿಲ್ಲಲೆಂದು ವಾರ್ಡಿನಲ್ಲಿ ಒಂದು ಮಾಮೂಲಿ ಇಂಜೆಕ್ಷನ್ ಕೊಟ್ಟ ಮೇಲೆ ಒತ್ತಡ ಇನ್ನಷ್ಟು ಏರಿತ್ತು. ಬಾಗಿಲ ಹೊರಗೆ ಅವನ ಹೆಂಡತಿಯನ್ನು ಕೇಳಿದೆ.

“ಈ ಬೆವರು, ಎದೆ ಹೊಡ್ಕೊಳ್ಳೋದು ಯಾವಾಗಿಂದಮ್ಮ?”

“ಸೊಪ್ಪು ಮುರಿಯಕ್ಕೆ ಓದಾಗ್ಲೆಲ್ಲ ಇಂಗೇ ಆಯ್ತದೆ ಸಾ. ಮೈ ಬೆಳ್ಳುಗಾಯ್ತದೆ, ತಲೆ ಸಿಡೀತದೆ, ಎದೆ ಡವ ಡವ ಅಂತದೆ. ಒಂದ್ ಗಳ್ಗೆ ಮಲಿಕ್ಕಂಡ್ರೆ ಓಯ್ತದೆ.”

ಅದು ಹೊಗೆಸೊಪ್ಪಿನ ಕೊಯ್ಲಿನ ಕಾಲ. ಮಳೆಯಲ್ಲಿ ನೆನೆದ ಹಸಿ ಎಲೆಯನ್ನು ಕಂಕುಳಲ್ಲಿ ಹೊತ್ತವರಿಗೆ ಅದರ ರಸ ಚರ್ಮದೊಳಗೆ ಇಳಿದು ವಾಂತಿ, ಬೆವರು, ತಲೆಸುತ್ತು ಬರುವುದನ್ನು ನಮ್ಮ ಕಡೆಯ ವೈದ್ಯರೆಲ್ಲ ನೋಡಿದ್ದೇವೆ. ಬೇರೆ ಜಿಲ್ಲೆಯ ವೈದ್ಯನಾಗಿದ್ದರೆ ಬೇರೆ ಕಾರಣ ಹುಡುಕುತ್ತಿದ್ದನೇನೋ. ನನಗೆ ಕಾರಣ ಸಿದ್ಧವಾಗಿತ್ತು. ಸೊಪ್ಪಿನ ಘಾಟು, ಮೇಲೆ ಹೊಟ್ಟೆನೋವು. ಅಷ್ಟಕ್ಕೆ ಒತ್ತಡ ಏರುವುದು ಸಹಜ ಎಂದುಕೊಂಡೆ.

“ತುಟಿ ಯಾವಾಗ ಊದ್ಕೊಂಡಿದ್ದಪ್ಪ?” ಎಂದು ಮೇಜಿನ ಮೇಲೆ ಅವನನ್ನು ಕೇಳಿದೆ.

“ಊದ್ಕಂಡಿಲ್ಲ ಸಾ, ಉಟ್ಟಿದ್ದೇ ಇಂಗೆ. ಜೇನು ಕಚ್ದೋನು ಅಂತಾರೆ ಊರಲ್ಲಿ. ನಂಗಿರೋದು ಮುಕ್ಕಾಲೆಕ್ರೆ ಜಮೀನು. ಮಗಳಿಗೆ ಈ ತುಟಿನೇ ಆಸ್ತಿ ಅಂತ ಕೊಟ್ಟಿವ್ನಿ. ಆಚೆ ಕುಂತವ್ಳೆ, ಬೇಕಾದ್ರೆ ನೋಡಿ.”

ನರ್ಸ್ ನಕ್ಕರು, ನಾನೂ ನಕ್ಕೆ. ಆಚೆ ಹೋಗಿ ನೋಡಲಿಲ್ಲ.

“ಮತ್ತು ಬಂದ್ಮೇಲೆ ನಂಗೆ ಏನಾದ್ರೂ ಗೊತ್ತಾಯ್ತದಾ ಸಾ?”

“ಏನೂ ಗೊತ್ತಾಗಲ್ಲ.”

“ಅದೇ ಒಳ್ಳೇದು ಬುಡಿ.”

ಅವನು ಆಡಿದ ಕೊನೆಯ ಮಾತು ಅದು.

ಎರಡು ಇಪ್ಪತ್ತೈದಕ್ಕೆ ನಿದ್ದೆಯ ಔಷಧಿ ಕೊಟ್ಟೆ. ಕೊಳವೆ ಒಂದೇ ಸಲಕ್ಕೆ ಹೋಯಿತು, ಗಂಟುಗಳಿಗೆ ತಗುಲಲಿಲ್ಲ. ಎರಡು ನಲವತ್ತಕ್ಕೆ ಸರ್ಜನ್ ಹೊಟ್ಟೆ ತೆರೆದರು. ಕರುಳು ನನ್ನ ಮೀನಖಂಡದಷ್ಟು ದಪ್ಪವಿತ್ತು. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಚನ್ನು ಬಿಡಿಸಿದರು.

“ಕೊಳೆತಿಲ್ಲ, ಪುಣ್ಯ. ಆದ್ರೆ ಈ ಗೋಡೆ ನೋಡಿ, ಟ್ರ್ಯಾಕ್ಟರ್ ಟ್ಯೂಬ್ ಇದ್ದಂಗಿದೆ. ಇಂಥ ಕರುಳು ನಾನು ನೋಡಿಲ್ಲ” ಅಂದರು.

ಎಡಪಕ್ಕೆಯ ಮೇಲಿನ ಭಾಗದಲ್ಲಿ ಕರುಳು ಎಲ್ಲಿಯವರೆಗೆ ಹಿಗ್ಗಿದೆ ಎಂದು ನೋಡಲು ಅವರ ಕೈ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹೋಯಿತು. ಪರದೆಯ ಮೇಲೆ ಒತ್ತಡ ಇನ್ನೂರ ಇಪ್ಪತ್ತಾಯಿತು. ಮರು ಅಳತೆಯಲ್ಲಿ ಇನ್ನೂರ ಅರವತ್ತು. ನಿದ್ದೆ ಸಾಲದು ಎಂದುಕೊಂಡು ಅನಿಲ ಹೆಚ್ಚಿಸಿದೆ, ನೋವಿನ ಔಷಧಿ ಕೊಟ್ಟೆ. ಇನ್ನೂರ ತೊಂಬತ್ತು. ನಾಡಿ ನೂರ ಎಪ್ಪತ್ತು. ಹೃದಯದ ಓಟ ತಡೆಯುವ ಇಂಜೆಕ್ಷನ್ನನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆ.

ಬೇರೆ ಯಾರಿಗಾದರೂ ಅದು ಸರಿಯಾದ ಔಷಧಿಯೇ. ಅವನ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಯಲ್ಲಿ ಗೆಡ್ಡೆಯಿತ್ತೆಂದು ಈಗ ನಂಬುತ್ತೇನೆ. ಆ ಗೆಡ್ಡೆ ಸುರಿಸುವ ರಸ ಮೈಯ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ, ಹೃದಯವನ್ನು ಓಡಿಸುತ್ತದೆ. ಅಂಥವರಲ್ಲಿ ಮೊದಲು ನಾಳಗಳ ಬಿಗಿ ಸಡಿಲಿಸಬೇಕು, ಆಮೇಲೆ ಹೃದಯದ ಓಟಕ್ಕೆ ಕೈ ಹಾಕಬೇಕು. ನಾನು ತಿರುಗುಮುರುಗು ಮಾಡಿದೆ. ಮುಂದೆ ದಾರಿ ಮುಚ್ಚಿರುವಾಗ ಹೃದಯದ ಬಲ ತೆಗೆದೆ. ರಕ್ತ ಹಿಂದಕ್ಕೆ ಶ್ವಾಸಕೋಶಕ್ಕೆ ನುಗ್ಗಿತು. ಮೂರು ಗಂಟೆ ಎರಡು ನಿಮಿಷಕ್ಕೆ ಕೊಳವೆಯಲ್ಲಿ ತಿಳಿಗುಲಾಬಿ ಬಣ್ಣದ ನೊರೆ ಮೇಲೆ ಬಂತು. ನಾಳ ಸಡಿಲಿಸುವ ಡ್ರಿಪ್ ಹಾಕುವಷ್ಟರಲ್ಲಿ ಹೃದಯದ ಲಯ ಕೆಟ್ಟಿತ್ತು. ಸರ್ಜನ್, ನರ್ಸ್, ಥಿಯೇಟರ್ ಸಹಾಯಕ, ನಾನು, ನಾಲ್ವರೂ ಸರದಿಯಲ್ಲಿ ಎದೆ ಒತ್ತಿದೆವು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ನಿಲ್ಲಿಸಿದೆವು.

ಕರುಳಿನ ನಂಜು ರಕ್ತಕ್ಕೆ ಸೇರಿ ಹೃದಯ ವಿಫಲವಾಯಿತು ಎಂದು ಕಾಗದದಲ್ಲಿ ಬರೆಯಲಾಯಿತು. ಯಾರೂ ಸುಳ್ಳು ಬರೆಯಲಿಲ್ಲ. ನಮಗೆ ಹಾಗೆಯೇ ಅನ್ನಿಸಿತ್ತು. ಮತ್ತೆ ಕುಯ್ಯುವುದು ಬೇಡ ಎಂದರು ಮನೆಯವರು. ದೇಹವನ್ನು ಅವತ್ತೇ ಒಯ್ದು ಮಣ್ಣು ಮಾಡಿದರು. ಕರುಳಿನ ಚೂರಾಗಲಿ ಗ್ರಂಥಿಯ ಚೂರಾಗಲಿ ಯಾವ ಪ್ರಯೋಗಾಲಯಕ್ಕೂ ಹೋಗಲಿಲ್ಲ.

ನಾನು ಕೈ ತೊಳೆಯುತ್ತಿದ್ದಾಗ ನರ್ಸ್ ಬಂದು ನಿಂತರು.

“ಸರ್, ಆಚೆ ಅವರ ಮಗು ಅಳ್ತಾ ಇದೆ. ಅಷ್ಟು ಜೋರಾಗಿ ಅಳ್ತಿದೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೋಡೋಕೆ ಆಗ್ತಿಲ್ಲ.”

ಅತ್ತು ಅತ್ತು ಬತ್ತಿರಬೇಕು ಎಂದೆ.

ಆಮೇಲಿನ ದಿನಗಳಲ್ಲಿ ಕೆಲಸ ನಡೆಯಿತು. ಪಿರಿಯಾಪಟ್ಟಣದಲ್ಲಿ ಎರಡು ಹೆರಿಗೆ, ಎಚ್.ಡಿ. ಕೋಟೆಯಲ್ಲಿ ಒಂದು ಅಪೆಂಡಿಕ್ಸ್. ಪ್ರತಿ ಸಲ ಪರದೆಯ ಮೇಲೆ ಒತ್ತಡ ಸ್ವಲ್ಪ ಏರಿದರೂ ಮತ್ತೆ ಮತ್ತೆ ಅಳೆಯುತ್ತಿದ್ದೆ. ಐದನೆಯ ವಾರ ಹಳೆಯ ಪಠ್ಯಪುಸ್ತಕ ತೆಗೆದು, ಅರಿವಳಿಕೆಯಲ್ಲಿ ಒತ್ತಡ ಹೀಗೆ ಏರಲು ಏನೇನು ಕಾರಣ ಎಂದು ಒಂದೊಂದೇ ಓದುತ್ತಾ ಹೋದೆ. ಮೂತ್ರಪಿಂಡದ ಮೇಲಿನ ಗ್ರಂಥಿಯ ಗೆಡ್ಡೆ ಆ ಪಟ್ಟಿಯಲ್ಲಿತ್ತು. ಅದು ಬರುವ ಮನೆತನದ ಕಾಯಿಲೆಗಳ ಪುಟಕ್ಕೆ ಹೋದೆ. ಅಲ್ಲಿ ಚಿತ್ರವಿತ್ತು. ದಪ್ಪ ತುಟಿ, ಚಾಚಿದ ನಾಲಿಗೆ, ಅಂಚಿನಲ್ಲಿ ಗಂಟುಗಳ ಸಾಲು.

ಆ ಪುಟದಲ್ಲಿದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆ ಕಾಯಿಲೆಗೆ ವೈದ್ಯರು ಇಟ್ಟಿರುವ ಹೆಸರು ‘ಮೆನ್ ಎರಡು ಬಿ’. ಹುಟ್ಟಿನಲ್ಲೇ ಇರುವ ಒಂದು ವಂಶವಾಹಿಯ ದೋಷ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಲಿಗೆಯ ಮೇಲೆ ಕಾಣುವ ಗಂಟುಗಳು ನರದ ಗಂಟುಗಳು. ಅಂಥವೇ ಬಾಯಿಂದ ಕೊನೆಯವರೆಗೆ ಜೀರ್ಣನಾಳದ ಗೋಡೆಯಲ್ಲೆಲ್ಲ ಬೆಳೆದಿರುತ್ತವೆ. ಹಾಗಾಗಿ ಕರುಳು ಹುಟ್ಟಿನಿಂದಲೇ ಸರಿಯಾಗಿ ತಳ್ಳುವುದಿಲ್ಲ. ಮಲ ಕಟ್ಟುತ್ತದೆ, ಕರುಳು ಹಿಗ್ಗುತ್ತದೆ. ಅತ್ತರೆ ಕಣ್ಣೀರು ಬಾರದೆ ಇರಬಹುದು. ಇಷ್ಟೇ ಆದರೆ ಬದುಕಬಹುದು. ಆದರೆ ಥೈರಾಯ್ಡ್ ಗ್ರಂಥಿಯಲ್ಲಿ ಎಳೆಯ ವಯಸ್ಸಿನಲ್ಲೇ ಕ್ಯಾನ್ಸರ್ ಬರುತ್ತದೆ. ಅದು ಬೆಳೆದಾಗ ಅದರ ರಸದಿಂದ ಭೇದಿ ಶುರುವಾಗುತ್ತದೆ. ಹುಟ್ಟಿನಿಂದ ಕಟ್ಟಿದ್ದ ಹೊಟ್ಟೆ ತಾನಾಗಿ ಸಡಿಲವಾದರೆ ಅದು ಗುಣವಲ್ಲ, ಕ್ಯಾನ್ಸರ್ ಬೆಳೆದಿದೆ ಎಂಬುದರ ಗುರುತು.

ಡ್ಯೂಟಿ ಡಾಕ್ಟರ್ ಬರೆದಿದ್ದ ಆ ಒಂದು ಸಾಲು ನೆನಪಾಯಿತು. ಕಣ್ಣೀರಿಲ್ಲದೆ ಅಳುತ್ತಿದ್ದ ಮಗುವೂ ನೆನಪಾಯಿತು.

ಸರ್ಜನ್‌ಗೆ ಪುಟದ ಫೋಟೋ ಕಳಿಸಿದೆ. ಅವರು ಫೋನ್ ಮಾಡಿದರು.

“ಇರಬಹುದು ಸರ್. ಇಲ್ಲ ಅನ್ನಲ್ಲ. ಆದ್ರೆ ಈಗ ಹೋಗಿ ಏನಂತ ಹೇಳ್ತೀರಿ? ನಿಮ್ಮ ಯಜಮಾನ್ರಿಗೆ ಇಂಥದಿತ್ತು, ನಾವು ನೋಡಲಿಲ್ಲ ಅಂತಾನಾ? ಊರವರು ಸುಮ್ನಿರ್ತಾರಾ?”

“ಮಗು ಇದೆಯಲ್ಲ.”

“ಮಗೂಗೆ ಇದೆ ಅಂತ ಏನು ಗ್ಯಾರಂಟಿ? ನೀವು ಮಗೂನ ನೋಡೇ ಇಲ್ಲ.”

ಅದು ನಿಜವಾಗಿತ್ತು. ಆ ನಿಜವನ್ನು ಹಿಡಿದುಕೊಂಡು ನಾನು ಹತ್ತೊಂಬತ್ತು ದಿನ ಕಳೆದೆ. ಹತ್ತೊಂಬತ್ತು ಎಂದು ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಆ ದಿನಗಳಲ್ಲಿ ಕೆಲಸ ಹೆಚ್ಚಿತ್ತು ಎಂದೇನೂ ಇಲ್ಲ. ಹೆದರಿದ್ದೆ. ಭಾನುವಾರ ಬೆಳಿಗ್ಗೆ ಕೇಸ್ ಶೀಟಿನ ವಿಳಾಸ ಇಟ್ಟುಕೊಂಡು ಹೊರಟೆ.

ಮನೆ ಸಿಕ್ಕಿತು. ಸತ್ತವನ ತಾಯಿ ಜಗುಲಿಯಲ್ಲಿ ಕುಳಿತು ಗೂಡಿನ ಬಿಸಿಯಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದರು. ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಂದು ಇನ್ನೊಂದು ಕಡೆ.

“ಯಾರಪ್ಪ?”

“ಡಾಕ್ಟ್ರು ಕಣವ್ವ.”

“ಯಾವ್ ಡಾಕ್ಟ್ರು? ಕುಯ್ದೋರಾ, ಮಲಗ್ಸಿದೋರಾ?”

“ಮಲಗ್ಸಿದೋನು.”

ಅವರು ಇನ್ನೂ ಎರಡು ಎಲೆ ವಿಂಗಡಿಸಿದರು. ಆಮೇಲೆ, “ಕುಂತ್ಕಳಿ” ಅಂದರು.

ಬಂದ ಕಾರಣ ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಮಗ ಚಿಕ್ಕವನಿದ್ದಾಗ ಹೊಟ್ಟೆ ಹೇಗಿತ್ತು ಎಂದು ಕೇಳಿದೆ.

“ಉಟ್ಟಿದ್ ಮೂರ್ ದಿನಕ್ಕೇ ಸುರು ಕಣಪ್ಪ. ಆಯ್ತಾನೇ ಇರ್ನಿಲ್ಲ. ಈಳ್ಯದೆಲೆ ತೊಟ್ಟಿಗೆ ಅಳ್ಳೆಣ್ಣೆ ಸವರಿ ಇಂದ್ಗಡೆ ಇಕ್ತಿದ್ದೆ, ಆಗ ಒಸಿ ಬರೋದು. ಎಲ್ಲಾರ್ ಮಕ್ಳಿಗೂ ಯಾವಾಗ್ಲಾರ ಒಂದ್ಸಲ ಇಕ್ತಾರೆ, ನಾನು ದಿನಾ ಇಕ್ತಿದ್ದೆ. ಈಳ್ಯದೆಲೆ ಬಳ್ಳಿನೇ ಹಬ್ಬುಸ್ಕಂಡಿದ್ದೆ ಅದುಕ್ಕೆ.” ಹಿತ್ತಲ ಕಡೆ ಕೈ ತೋರಿದರು. “ಅತ್ರೆ ಕಣ್ಣೀರಿಲ್ಲ. ಒಣ ಅಳು. ನಮ್ಮತ್ತೆ ಅಂತಿದ್ರು, ಕಳ್ ನನ್ಮಗ, ನಾಟ್ಕ ಆಡ್ತಾನೆ ಅಂತ.”

“ಹೋದ ವರ್ಷ ಭೇದಿ ಶುರುವಾಗಿತ್ತಂತೆ?”

“ಊಂ. ತಾನಾಗೇ ಸಡ್ಲಾಯ್ತು. ದಿನುಕ್ಕೆ ನಾಕ್ ಸಲ, ಐದ್ ಸಲ. ಇಷ್ಟು ವರ್ಸುದ್ ಮ್ಯಾಲೆ ದೇವ್ರು ಕಣ್ ಬುಟ್ಟ ಅಂದ್ಕಂಡೊ. ಎಳೇದ್ರಲ್ಲಿ ಕಟ್ಕಂಡಿದ್ದ ಅರ್ಕೆ ಇತ್ತು. ಮೊಸ್ರನ್ನ ಮಾಡಿ ಇಡೀ ಕೇರಿಗೆ ಉಣ್ಣಕ್ಕಿಕ್ಕಿದೊ. ಅವ್ನೇ ನಿಂತ್ಕಂಡು ಬಡುಸ್ದ.”

ಅವರೇ ಮುಂದುವರಿಸಿದರು. ದನಿ ಸ್ವಲ್ಪ ಹಗುರಾಗಿತ್ತು.

“ಮೊಗೀಗೂ ಅಂಗೇ ಇತ್ತಲ್ಲ, ಅವ್ರಪ್ಪನ್ ತರಾನೇ. ಈಗ ಒಂದೂವರೆ ತಿಂಗ್ಳಿಂದ ಅದುಕ್ಕೂ ಸಡ್ಲಾಗದೆ. ಅವ್ನು ಓಗಿ ಮಗೀಗೆ ದಾರಿ ಮಾಡ್ಕೊಟ್ಟ ಅಂದ್ಕಂಡಿವ್ನಿ. ಸೊಸೆ ತವ್ರಲ್ಲವಳೆ, ಒಸಗ್ರಾರದ್ ತಾವ. ನಾಳೀಕೆ ಅಲ್ಲೇ ಮೊಸ್ರನ್ನ ಮಾಡಿ ಅರ್ಕೆ ತೀರುಸ್ತಾರೆ.”

ಅವರು ಕೊಟ್ಟಿದ್ದ ನೀರಿನ ಲೋಟವನ್ನು ಕೆಳಗಿಟ್ಟೆ. ಮಗುವಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಆರು ಎಂದರು. ಆಗ ಹೇಳಿದೆ. ಅವರ ಮಗನ ನಾಲಿಗೆಯಲ್ಲಿ ನಾನು ಕಂಡದ್ದನ್ನು, ಪುಸ್ತಕದಲ್ಲಿದ್ದದ್ದನ್ನು, ಸಡಿಲವಾಗಿದೆ ಎಂದರೆ ಏನು ಎಂಬುದನ್ನು. ಅವರು ಎಲೆ ಹಿಡಿದುಕೊಂಡೇ ಕೇಳಿದರು.

“ಅಂಗಾರೆ ಅವತ್ತು ನಾವು ಮೊಸ್ರನ್ನ ಇಕ್ಕಿದ್ದು ಯಾತುಕ್ಕೆ?” ಎಂದು ಕೇಳಿದರು. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು, “ಓಗಿ. ಇವತ್ತೇ ಓಗಿ” ಅಂದರು.

ಮಧ್ಯಾಹ್ನ ಒಂದೂವರೆಗೆ ಹೊಸ ಅಗ್ರಹಾರ ದಾಟಿ ಆ ಮನೆ ತಲುಪಿದೆ. ಅಂಗಳದಲ್ಲಿ ಮಗು ಕುಂಟೆಬಿಲ್ಲೆ ಆಡುತ್ತಿತ್ತು. ತುಟಿಯನ್ನು ದೂರದಿಂದಲೇ ಕಂಡೆ. ವಯಸ್ಸಿಗೆ ಮೀರಿದ ಎತ್ತರ. ಮಗುವಿನ ತಾಯಿ ಬಾಗಿಲಿಗೆ ಬಂದರು, ನನ್ನನ್ನು ಗುರುತಿಸಿದರು, ಒಳಗೆ ಹೋಗಿ ಅಣ್ಣನನ್ನು ಕಳಿಸಿದರು. ಅಣ್ಣ ಊಟದ ಮಧ್ಯೆ ಎದ್ದು ಬಂದಿದ್ದ. ಕೈ ತೊಳೆದಿರಲಿಲ್ಲ.

“ಏನ್ ಸಾರ್ ಬಂದ್ರಿ?”

“ಮಗುವನ್ನ ಒಂದ್ಸಲ ನೋಡಬೇಕಿತ್ತು.”

“ನಮ್ ಬಾವುನ್ನ ಮಲಗ್ಸಿದ್ದು ನೀವೇ ತಾನೆ? ಅವ್ರು ಏಳ್ನೇ ಇಲ್ಲ. ಈಗ ಮಗೀನೂ ಮಲಗ್ಸಕ್ಕೆ ಬಂದ್ರಾ? ಗಿರಾಕಿ ಕಮ್ಮಿ ಆದ್ರಾ ನಿಮ್ಗೆ?”

ಸಲೀಸಾದ ಒಂದು ದಾರಿ ನನ್ನ ಮುಂದಿತ್ತು. ಸರ್ಕಾರದ ತಪಾಸಣೆ ಅಂತಲೋ, ಭೇದಿಗೆ ಒಂದು ರಕ್ತಪರೀಕ್ಷೆ ಅಂತಲೋ ಹೇಳಬಹುದಿತ್ತು. ಪರೀಕ್ಷೆಗೆ ಒಪ್ಪುತ್ತಿದ್ದರೇನೋ. ಆದರೆ ಆಮೇಲೆ ಚೆನ್ನಾಗಿ ಆಡಿಕೊಂಡಿರುವ ಮಗುವಿನ ಕತ್ತು ಕುಯ್ಯಲು ಬಿಡಿ ಎಂದರೆ ಯಾಕೆ ಬಿಟ್ಟಾರು? ತಂದೆಗೂ ಮಗಳಿಗೂ ಇರುವುದು ಒಂದೇ ಎನ್ನಲು ಕಾಗದದಲ್ಲಿ ಏನೂ ಇರಲಿಲ್ಲ. ಇದ್ದದ್ದು ನಾನು ಕಂಡದ್ದು ಮಾತ್ರ. ಅದನ್ನು ಹೇಳಬೇಕಾದರೆ ಕಂಡೂ ಬಿಟ್ಟೆ ಎಂಬುದನ್ನೂ ಹೇಳಬೇಕು. ಕಾರಿನಲ್ಲಿ ಬರುವಾಗಲೆಲ್ಲ ಎರಡನ್ನೂ ಬೇರ್ಪಡಿಸಿ ಹೇಳುವ ಬಗೆ ಹುಡುಕಿದ್ದೆ. ಸಿಕ್ಕಿರಲಿಲ್ಲ. ಅಂಗಳದಲ್ಲೇ ನಿಂತು, ಬಾಗಿಲ ಹಿಂದೆ ನಿಂತಿದ್ದ ಆಕೆಗೆ ಕೇಳುವಂತೆ, ಮೊದಲಿಂದ ಕೊನೆವರೆಗೆ ಹೇಳಿದೆ. ತಿರುಗುಮುರುಗಾಗಿ ಕೊಟ್ಟ ಇಂಜೆಕ್ಷನ್ನಿನ ವಿಷಯವನ್ನೂ ಹೇಳಿದೆ.

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಆಕೆ ಬಾಗಿಲು ದಾಟಿ ಹೊರಗೆ ಬಂದರು.

“ಅಣ್ಣ, ನೀನು ಒಸಿ ಸುಮ್ಕಿರು.” ನನ್ನ ಕಡೆ ತಿರುಗಿದರು. “ಅವತ್ತು ಅವ್ರ ನಾಲ್ಗೆ ನೋಡಿದ್ರಾ?”

“ನೋಡಿದ್ದೆ.”

“ನೋಡಿ ಸುಮ್ಕಿದ್ರಾ?”

“ಸುಮ್ಮನಿದ್ದೆ.”

“ಈಗ್ಯಾಕೆ ಸುಮ್ಕಿಲ್ಲ?”

ಮಗು ಆಟ ನಿಲ್ಲಿಸಿ ನೋಡುತ್ತಿತ್ತು. ತಾಯಿ ಅದನ್ನು ಹತ್ತಿರ ಕರೆದು, ಮೊಬೈಲಿನ ಟಾರ್ಚ್ ಹಾಕಿ, “ನಾಲ್ಗೆ ಚಾಚವ್ವ” ಅಂದರು. ಅವರು ಬಗ್ಗಿ ನೋಡಿದರು. ಪಕ್ಕದಲ್ಲಿ ನಾನೂ ಬಗ್ಗಿದೆ. ಆಮೇಲೆ ಅವರ ಅಪ್ಪಣೆ ಕೇಳಿ ಮಗುವಿನ ಕತ್ತು ಮುಟ್ಟಿದೆ. ಎಡಕ್ಕೆ, ಗಂಟಲಿನ ಕೆಳಗೆ, ಗೋಲಿಯಷ್ಟು ಗಟ್ಟಿಯಾದ ಗಂಟು ಬೆರಳಿಗೆ ಸಿಕ್ಕಿತು. ನುಂಗು ಅಂದೆ, ನುಂಗಿದಾಗ ಅದು ಮೇಲಕ್ಕೆ ಹೋಗಿ ಕೆಳಗಿಳಿಯಿತು.

“ಇದು ನಂಗೆ ಮೊದ್ಲಿಂದ ಗೊತ್ತಿತ್ತು, ನಾಲ್ಗೇದು” ಅಂದರು ಆಕೆ. “ಅಪ್ಪ ಮಗ್ಳು ಇಬ್ರುದೂ ಒಂದೇ ತರ ಅಂತ. ನಾನು ಅದನ್ನ ಚೆಂದ ಅಂದ್ಕಂಡಿದ್ದೆ.”

ಮಾರನೆಯ ದಿನ ಹರಕೆಗೆಂದು ಹೆಪ್ಪು ಹಾಕಿದ್ದ ಹಾಲು ಅಡಿಗೆಮನೆಯಲ್ಲಿ ಎರಡು ಪಾತ್ರೆ ತುಂಬ ಇತ್ತು. ಅದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿ, ಸೋಮವಾರ ಬೆಳಿಗ್ಗೆ ಮೈಸೂರಿಗೆ ಬಂದರು. ಅಣ್ಣನೂ ಜೊತೆಗೆ ಬಂದ. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ.

ದೊಡ್ಡಾಸ್ಪತ್ರೆಯ ಗ್ರಂಥಿರೋಗ ತಜ್ಞೆ ಮಗುವಿನ ಬಾಯಿ ನೋಡಿದ ಮೇಲೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಥೈರಾಯ್ಡ್ ಕ್ಯಾನ್ಸರಿನ ರಸ ಅಳೆಯುವ ಪರೀಕ್ಷೆಗೂ ವಂಶವಾಹಿಯ ಪರೀಕ್ಷೆಗೂ ರಕ್ತ ತೆಗೆಸಿದರು. ಕತ್ತಿಗೆ ಕೈ ಹಾಕುವ ಮೊದಲು ತಂದೆಯಲ್ಲಿದ್ದಂಥ ಗೆಡ್ಡೆ ಮಗಳಲ್ಲಿ ಇಲ್ಲವೆಂದು ಖಾತ್ರಿಯಾಗಬೇಕಿತ್ತು. ಅದಕ್ಕೆ ಒಂದು ಇಡೀ ದಿನದ ಮೂತ್ರವನ್ನು ಒಂದು ಹನಿ ಬಿಡದೆ ಕ್ಯಾನಿನಲ್ಲಿ ಹಿಡಿಯಬೇಕು. ಮೊದಲ ಸಲ ಮಗು ಭೇದಿಯ ಜೊತೆಗೇ ಹೊರಗೆ ಮಾಡಿಬಿಟ್ಟಿತು. ಇಡೀ ದಿನದ್ದನ್ನು ಚೆಲ್ಲಬೇಕಾಯಿತು. ಎರಡನೆಯ ಸಲ ಕ್ಯಾನು ಸಾಗಿಸುವಾಗ ಸೋರಿತು. ಮೂರನೆಯದು ಸರಿಹೋಯಿತು. ಮಗುವಿನ ಮಾವ ಆ ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಪ್ರಯೋಗಾಲಯಕ್ಕೆ ಕೊಟ್ಟು ಬಂದ. “ಎಳನೀರು ತಂದಂಗೆ ತಂದಿವ್ನಿ, ನೋಡ್ಕಳಿ” ಅಂದ. ನನ್ನೊಡನೆ ಅವನು ಆಡಿದ ಮೊದಲ ಮಾಮೂಲಿ ಮಾತು ಅದು.

ತಜ್ಞೆ ತಂದೆಯ ದಾಖಲೆ ಕೇಳಿದರು. ಕೇಸ್ ಶೀಟಿನ ಪ್ರತಿ ಕೊಟ್ಟೆ. ಅವರು ‘ತೊಂದರೆ ಇಲ್ಲ’ ಎಂಬ ನನ್ನ ಅಕ್ಷರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಅವತ್ತು ಸಂಜೆ ಒಂದು ಹೇಳಿಕೆ ಬರೆದೆ. ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ, ಯಾವ ಬೆಳಕಿನಲ್ಲಿ, ಏನು ಕಂಡೆ, ಯಾವ ಔಷಧಿ ಯಾವುದರ ಹಿಂದೆ ಕೊಟ್ಟೆ. ಗಂಟುಗಳ ಸಂಖ್ಯೆ ಬರೆಯುವಲ್ಲಿ ‘ಎಣಿಸಲಿಲ್ಲ’ ಎಂದು ಬರೆದೆ. ನರ್ಸ್ ಓದಿ ಕೂಡಲೇ ಸಹಿ ಹಾಕಿದರು. ಸರ್ಜನ್ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಬಂದು, ಕರುಳಿನ ಗೋಡೆಯ ಬಗ್ಗೆ ತಮ್ಮದೇ ನಾಲ್ಕು ಸಾಲು ಸೇರಿಸಿ ಸಹಿ ಹಾಕಿದರು. ಒಂದು ಪ್ರತಿಯನ್ನು ಮಗುವಿನ ತಾಯಿಗೆ ಕೊಟ್ಟೆ. ಇದನ್ನು ಇಟ್ಟುಕೊಂಡು ನನ್ನ ಮೇಲೆ ದೂರು ಕೊಡಬಹುದು ಎಂದೆ. ಅವರು ಅದನ್ನು ಮಡಿಸಿ ಮಗುವಿನ ಫೈಲಿಗೆ ಸೇರಿಸಿದರು.

ಮಗುವಿನ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಸದ್ಯಕ್ಕೆ ಚೆನ್ನಾಗಿದ್ದವು. ಥೈರಾಯ್ಡ್ ಚೆನ್ನಾಗಿರಲಿಲ್ಲ. ಗ್ರಂಥಿಯನ್ನು ಪೂರ್ತಿ ತೆಗೆದರು. ಕತ್ತಿನ ಪಕ್ಕದ ಗಂಟುಗಳಿಗೂ ಕ್ಯಾನ್ಸರ್ ಹರಡಿತ್ತು, ಅವನ್ನೂ ತೆಗೆದರು. ಆ ದಿನ ಅರಿವಳಿಕೆ ಕೊಟ್ಟವರು ಬೇರೆಯವರು. ನಾನು ಹೊರಗೆ, ಮಗುವಿನ ತಾಯಿ ಕುಳಿತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದೆ.

ವಂಶವಾಹಿಯ ವರದಿ ಬಂದಾಗ ಮಗುವಿನಲ್ಲಿ ದೋಷ ಇತ್ತು. ಅಜ್ಜಿಯ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೆವು, ಅವರಲ್ಲಿ ಇರಲಿಲ್ಲ. ತಾತ ಇಲ್ಲ, ಆದರೆ ಆ ಮನೆಯಲ್ಲಿ ಬೇರೆ ಯಾರಿಗೂ ಆ ತುಟಿ ಇಲ್ಲ. ಮಗನಲ್ಲೇ ಹೊಸದಾಗಿ ಶುರುವಾದದ್ದಿರಬೇಕು. ಇದನ್ನು ಹೇಳಿದರೆ ಅಜ್ಜಿಗೆ ಸಮಾಧಾನವಾದೀತು ಎಂದು ಹೋಗಿ ಹೇಳಿದೆ.

“ನನ್ನಿಂದ ಬಂದಿದ್ರೆ ಚೆಂದಾಗಿತ್ತು ಕಣಪ್ಪ” ಅಂದರು. “ನಾನಿನ್ನೂ ಬದ್ಕಿವ್ನಲ್ಲ. ಮೊಗನೂ ಇಷ್ಟ್ ವರ್ಸ ಬದ್ಕ್‌ತದೆ ಅಂದ್ಕಬೋದಿತ್ತು.”

ಶಸ್ತ್ರಚಿಕಿತ್ಸೆಯಾಗಿ ಮೂರು ವಾರದ ಮೇಲೆ ಮಗುವಿನ ತಾಯಿ ಫೋನ್ ಮಾಡಿದರು. ಗಾಬರಿಯಾಗಿದ್ದರು.

“ಡಾಕ್ಟ್ರೇ, ಮೊಗೀಗೆ ಮತ್ತೆ ಕಟ್ಕಂಡದೆ. ಮೂರ್ ದಿನ ಆಯ್ತು.”

ನಾನು ಕೆ.ಆರ್. ನಗರದ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದೆ. ಭೇದಿ ನಿಂತಿದೆ ಎಂದರೆ ಕ್ಯಾನ್ಸರಿನ ರಸ ಇಳಿದಿದೆ. ಮಲ ಕಟ್ಟುವುದು ಆ ಮಗುವಿನ ಹುಟ್ಟಿನ ಕರುಳು. ಅದಕ್ಕೆ ದಿನವೂ ಔಷಧಿ ಕೊಟ್ಟು ನೋಡಿಕೊಳ್ಳಬಹುದು. ಅದನ್ನೇ ವಿವರಿಸಿ ಹೇಳಿದೆ.

“ಅಂಗಾರೆ ಇದುಕ್ಕೆ ಮೊಸ್ರನ್ನ ಮಾಡ್ಬೇಕಾ ಈಗ?” ಅಂದರು. ನಗುತ್ತಿದ್ದರೋ ಅಳುತ್ತಿದ್ದರೋ ಫೋನಿನಲ್ಲಿ ತಿಳಿಯಲಿಲ್ಲ.

ರಸದ ಪ್ರಮಾಣ ಇಳಿದಿದೆ, ಸೊನ್ನೆಗೆ ಬಂದಿಲ್ಲ. ಎಲ್ಲೋ ಉಳಿದಿದೆ ಎಂದು ಅರ್ಥ. ಆರು ತಿಂಗಳಿಗೊಮ್ಮೆ ರಕ್ತ, ವರ್ಷಕ್ಕೊಮ್ಮೆ ಕ್ಯಾನು. ಎಷ್ಟು ವರ್ಷ ಎಂದು ಯಾರೂ ಹೇಳುವುದಿಲ್ಲ. ಹುಟ್ಟಿದ ವರ್ಷವೇ ಥೈರಾಯ್ಡ್ ತೆಗೆದಿದ್ದರೆ ಈ ಮಾತೇ ಬರುತ್ತಿರಲಿಲ್ಲವೇನೋ. ನಾನು ಕಳೆದ ಹತ್ತೊಂಬತ್ತು ದಿನಗಳಿಂದ ಏನಾದರೂ ಹೆಚ್ಚು ಕಡಿಮೆ ಆಯಿತೇ ಎಂದು ತಜ್ಞೆಯನ್ನು ಕೇಳಿದೆ. ಬಹುಶಃ ಇಲ್ಲ ಎಂದರು. ‘ಬಹುಶಃ’ ಎಂಬ ಮಾತನ್ನು ಅವರು ಸ್ವಲ್ಪ ತಡೆದು ಹೇಳಿದರು.

ಈಗ ಯಾರ ಬಾಯಿ ನೋಡಿದರೂ ಕಂಡದ್ದನ್ನೆಲ್ಲ ಬರೆಯುತ್ತೇನೆ. ಸೊಪ್ಪು ಮುರಿಯುವ ಕಾಲದಲ್ಲಿ ಬೆವರಿಕೊಂಡು ಬಂದವರನ್ನು, ಸೊಪ್ಪು ಮುಟ್ಟದ ದಿನವೂ ಹೀಗಾಗುತ್ತದೆಯೇ ಎಂದು ಕೇಳುತ್ತೇನೆ. ಅವತ್ತು ಬಾಗಿಲ ಹೊರಗೆ ಅವನ ಹೆಂಡತಿಯನ್ನು ನಾನು ಕೇಳಬೇಕಿದ್ದ ಪ್ರಶ್ನೆ ಅದು. ಆಮೇಲೆ ಕೇಳಿದಾಗ, “ಊಂ, ದೀಪಾವಳೀಲೂ ಆಗಿತ್ತು” ಅಂದರು. ದೀಪಾವಳಿಯ ಹೊತ್ತಿಗೆ ಹೊಲದಲ್ಲಿ ಎಲೆ ಇರುವುದಿಲ್ಲ.

ಆ ಮಂಗಳವಾರ ಮೇಜಿನ ಮೇಲೆ ಆ ನಾಲಿಗೆಯನ್ನು ನಾನಲ್ಲದೆ ಕಂಡವರು ಟಾರ್ಚ್ ಹಿಡಿದಿದ್ದ ನರ್ಸ್. ಅವರು ಅದೇ ನರ್ಸಿಂಗ್ ಹೋಮಿನಲ್ಲಿದ್ದಾರೆ. ಕೊಳವೆ ಹಾಕುವಾಗ ಪಕ್ಕದಲ್ಲಿದ್ದ ಥಿಯೇಟರ್ ಸಹಾಯಕ ಹೋದ ಬೇಸಿಗೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಕರುಳನ್ನು ಕೈಯಲ್ಲಿ ಹಿಡಿದಿದ್ದ ಸರ್ಜನ್ ಈಗ ಪಿರಿಯಾಪಟ್ಟಣದಲ್ಲಿ ಕೆಲಸ ಮಾಡುತ್ತಿದ್ದಾರೆ. ಆ ನಾಲಿಗೆಯನ್ನು ಹುಟ್ಟಿನಿಂದ ಕಂಡಿದ್ದ ತಾಯಿ ಹನಗೋಡಿನ ಕಡೆಯ ಅದೇ ಮನೆಯಲ್ಲಿದ್ದಾರೆ. ಹೆಂಡತಿ ತವರಿನಲ್ಲಿದ್ದಾರೆ.

ಇನ್ನೊಬ್ಬ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಳೆದ ಸಲ ರಕ್ತ ಕೊಡಲು ಬಂದಾಗ ಮಗು ನನ್ನ ಪಕ್ಕ ಕುಳಿತಿತ್ತು. ಈಗ ಎಂಟು ವರ್ಷ. ನಾನು ಅದರ ನಾಲಿಗೆ ನೋಡಿ ಗಂಟುಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ.

“ನಂದು ಒಂಬತ್ತು” ಅಂತು, ನಾನು ಎಣಿಸಿ ಮುಗಿಸುವ ಮೊದಲೇ. “ಅಪ್ಪಂದು ಅನ್ನೊಂದು.”

“ಯಾರು ಹೇಳಿದ್ರು?”

“ಯಾರೂ ಯೋಳ್ಳಿಲ್ಲ. ಅಪ್ಪನ್ ತೊಡೆ ಮ್ಯಾಲೆ ಕುಂತ್ಕಂಡು ನಾನೇ ಎಣಿಸ್ತಿದ್ದೆ, ದಿನಾ.”

ಹೇಳಿಕೆಯ ಪ್ರತಿ ಫೈಲಿನಲ್ಲಿತ್ತು. ‘ಎಣಿಸಲಿಲ್ಲ’ ಎಂಬುದನ್ನು ಅಳಿಸದೆ, ಅದರ ಪಕ್ಕದಲ್ಲಿ ಹನ್ನೊಂದು ಎಂದು ಬರೆದೆ. ಹೇಳಿದವರು: ಮಗಳು.